ಶಾಸ್ತ್ರಿಗಳ ಮನೆಯಲ್ಲಿ ಬೆಳ್ಳುಳ್ಳಿ

ವಾಸನೆಯನ್ನು ಮೊದಲು ಹಿಡಿದವರು ಭಾಗೀರಥಮ್ಮ. ಸಾವಿರದ ಒಂಬೈನೂರ ಐವತ್ತೆಂಟರ ಯುಗಾದಿ ಕಳೆದು ಇನ್ನೂ ವಾರವಾಗಿರಲಿಲ್ಲ. ಶಿವಮೊಗ್ಗದ ಕೋಟೆ ರಸ್ತೆಯ ಮನೆಯಲ್ಲಿ ಊಟಕ್ಕೆ ಕೂತಿದ್ದ ಅಣ್ಣನ ಮಗ ಗೋವಿಂದನಿಗೆ ಮಜ್ಜಿಗೆ ಬಡಿಸಲು ಬಗ್ಗಿದವರು ಸೌಟನ್ನು ಅರ್ಧದಲ್ಲೇ ಹಿಡಿದು ನಿಂತುಬಿಟ್ಟರು. ಅವನು "ಸಾಕು ಅತ್ತೆ" ಅಂದಾಗ ಬಾಯಿಂದ ಬೆಳ್ಳುಳ್ಳಿಯ ವಾಸನೆ ಬಂದಿತ್ತು.

ಬೆಳ್ಳುಳ್ಳಿ ಇರಲಿ, ಈರುಳ್ಳಿಯೂ ಹೊಸಿಲು ದಾಟದ ಮನೆ ಅದು. ಗೋವಿಂದನ ತಂದೆ ಹಿರಿಯಣ್ಣ ಶಾಸ್ತ್ರಿಗಳು ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಟ್ಟು ನಿವೃತ್ತರಾದವರು, ತರ್ಕಶಾಸ್ತ್ರ ಓದಿಕೊಂಡವರು. ಅವರ ತಂಗಿ ಭಾಗೀರಥಮ್ಮ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದ್ದರು. ಅತ್ತಿಗೆ ತೀರಿಕೊಂಡ ಮೇಲೆ ಅಡುಗೆಮನೆ ಪೂರ್ತಿ ಅವರದೇ. ಮಡಿಯ ವಿಷಯದಲ್ಲಿ ಅವರ ಕಣ್ಣನ್ನು ಒಂದು ವೇಳೆ ತಪ್ಪಿಸಬಹುದಿತ್ತು, ಮೂಗನ್ನು ತಪ್ಪಿಸಲು ಸಾಧ್ಯವಿರಲಿಲ್ಲ.

ಆವತ್ತು ಅವರು ಗೋವಿಂದನಿಗೆ ಏನೂ ಅನ್ನಲಿಲ್ಲ. ಊಟದ ಜಾಗಕ್ಕೆ ಗೋಮೆ ಹಚ್ಚಿ ಸಾರಿಸುವಾಗ ಅವನ ಹೆಂಡತಿ ವಿಮಲಾಳ ಕಿವಿಗೆ ಮಾತ್ರ ಹಾಕಿದರು. ವಿಮಲಾ ನಗುತ್ತಲೇ ತಳ್ಳಿಹಾಕಿದಳು. ಗೋವಿಂದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್. ಬೆಳಗಿನ ಗಾಡಿಗೆ ಹೋಗಿ ಸಂಜೆಯ ಗಾಡಿಗೆ ಬರುವವನು, ರೈಲಿನಲ್ಲಿ ಪಕ್ಕದಲ್ಲಿ ಯಾರು ಯಾರೋ ಕೂತಿರುತ್ತಾರೆ, ಅವರ ವಾಸನೆ ಅಂಗಿಗೆ ಹತ್ತಿರಬೇಕು ಅಂದಳು. ಭಾಗೀರಥಮ್ಮ ಅವಳನ್ನು ಒಂದು ಸಲ ನೋಡಿ, ಅಂಗಿ ಮಾತಾಡುವುದಿಲ್ಲ ಅಂದರು.

ಮಾರನೆಯ ದಿನ ಬಟ್ಟೆ ನೆನೆಸುವಾಗ ವಿಮಲಾ ಗಂಡನ ಅಂಗಿಯನ್ನು ಮೂಸಿ ನೋಡಿದಳು. ಕಂಕುಳಲ್ಲಿ ಬೆಳ್ಳುಳ್ಳಿ. ದಿಂಬಿನ ಚೀಲದಲ್ಲಿ ಬೆಳ್ಳುಳ್ಳಿ. ಅವನು ಸ್ನಾನ ಮಾಡಿ, ಸಂಧ್ಯಾವಂದನೆ ಮುಗಿಸಿ, ಹಣೆಗೆ ಗಂಧ ಇಟ್ಟುಕೊಂಡು ಪಕ್ಕದಲ್ಲಿ ಹಾದುಹೋದರೂ ಅದೇ ವಾಸನೆ. ಎಣ್ಣೆಯಲ್ಲಿ ಒಗ್ಗರಣೆಗೆ ಹಾಕಿದಾಗ ಬೀದಿಯ ತನಕ ಬರುತ್ತದಲ್ಲ, ಆ ಥರದ್ದಲ್ಲ. ಜಜ್ಜಿ ಮುಚ್ಚಿಟ್ಟು ಎರಡು ದಿನ ಬಿಟ್ಟು ತೆರೆದರೆ ಬರುವಂಥದ್ದು.

ಹೊರಗೆ ಎಲ್ಲಾದರೂ ತಿನ್ನುತ್ತೀರಾ ಎಂದು ಅವಳು ಕೇಳಿದಾಗ ಗೋವಿಂದ ಮೊದಲ ಸಲ ನಕ್ಕ. ಎರಡನೆಯ ಸಲ, ನೀನು ಕಟ್ಟಿಕೊಡುವ ಬುತ್ತಿ ಬಿಟ್ಟರೆ ನನಗೆ ಬೇರೆ ಏನಿದೆ ಅಂದ. ಮೂರನೆಯ ಸಲ ಕೇಳಿದ್ದಕ್ಕೆ ಸಿಡುಕಿ ಎದ್ದುಹೋದ. ತನ್ನ ಅಂಗೈಗೆ ತಾನೇ ಉಸಿರು ಬಿಟ್ಟು ಮೂಸಿ ನೋಡಿದ, ಅವನಿಗೆ ಏನೂ ಗೊತ್ತಾಗಲಿಲ್ಲ. ಮನೆಯವರೆಲ್ಲ ಸೇರಿ ಇಲ್ಲದ್ದನ್ನು ಹುಟ್ಟಿಸುತ್ತಿದ್ದಾರೆ ಎಂದುಕೊಂಡ.

ಆದರೆ ಬುತ್ತಿ ಅರ್ಧಕ್ಕರ್ಧ ಹಾಗೆಯೇ ವಾಪಸು ಬರುತ್ತಿತ್ತು. ಮನೆಯಲ್ಲೂ ಎರಡು ತುತ್ತು ತಿಂದು, ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗಿದೆ ಎಂದು ಎಲೆ ಬಿಟ್ಟು ಏಳುತ್ತಿದ್ದ. ಭಾನುವಾರ ಹಗಲೆಲ್ಲ ತೂಕಡಿಸುತ್ತಿದ್ದ. ವಾರದಲ್ಲಿ ಮೂರು ದಿನವಾದರೂ ಸಂಜೆಯ ಗಾಡಿ ಬಿಟ್ಟು ಕೊನೆಯ ಬಸ್ಸಿಗೆ ಬರುತ್ತಿದ್ದ. ಲ್ಯಾಬಿನಲ್ಲಿ ಕೆಲಸ ಜಾಸ್ತಿ ಅನ್ನುತ್ತಿದ್ದ. ಹೊಟ್ಟೆ ಎಲ್ಲೋ ತುಂಬಿಸಿಕೊಂಡು ಬಂದವನಿಗೆ ಮನೆಯ ಸಾರು ಸೇರೀತೇ ಎಂದು ಭಾಗೀರಥಮ್ಮ ಗೋಡೆಗೆ ಹೇಳುವ ಹಾಗೆ ಹೇಳಿದರು. ವಿಮಲಾಳ ಎದೆಯಲ್ಲಿ ಆ ಮಾತು ಬೇರೆಯೇ ರೂಪ ತಾಳಿತು. ಮದುವೆಯಾಗಿ ಮೂರು ವರ್ಷ, ಮಕ್ಕಳಿಲ್ಲ. ಭದ್ರಾವತಿಯಲ್ಲಿ ಯಾವುದೋ ಮನೆ, ಅಲ್ಲಿ ಒಬ್ಬ ಹೆಂಗಸು ಮೊರದಲ್ಲಿ ಬೆಳ್ಳುಳ್ಳಿ ಇಟ್ಟುಕೊಂಡು ಸುಲಿಯುತ್ತ ಕೂತಿರುವುದು ಅವಳ ಕಣ್ಣಿಗೆ ಕಟ್ಟಿತು. ಮುಖ ಮಾತ್ರ ಕಾಣುತ್ತಿರಲಿಲ್ಲ.

ಹೀಗಿರುವಾಗ ಪುಟ್ಟಪ್ಪ ಬಂದ. ಅವನು ಅದೇ ಬೀದಿಯವನು, ಅದೇ ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತ. ಪಂಚಾಂಗ ಕೇಳುವ ನೆಪದಲ್ಲಿ ಶಾಸ್ತ್ರಿಗಳ ಜಗಲಿಯಲ್ಲಿ ಕೂತು, ಕೇಳದಿದ್ದರೂ ಒಂದು ಸುದ್ದಿ ಹೇಳಿದ. ಭದ್ರಾವತಿಯ ಹಳೇ ಊರಿನ ಸೇತುವೆ ಪಕ್ಕ ಲಾರಿ ಓಡಿಸುವ ಹಯಾತ್ ಎಂಬವನ ಮನೆಯಿದೆ, ಸಂಜೆ ಹೊತ್ತು ಗೋವಿಂದ ಆ ಮನೆಯ ಹಿತ್ತಿಲಿಗೆ ಹೋಗಿಬರುವುದನ್ನು ತಾನು ಎರಡು ಸಲ ನೋಡಿದ್ದೇನೆ, ಈಗ ಅವರಿಗೆ ರಮ್ಜಾನ್ ಬೇರೆ, ಸಂಜೆ ಅಲ್ಲಿ ಊಟ ತಿಂಡಿ ಜೋರು. ಇಷ್ಟು ಹೇಳಿ, ನನಗ್ಯಾಕೆ ಬೇಕು ಎಂದು ಎದ್ದುಹೋದ.

ಶಾಸ್ತ್ರಿಗಳು ಮಗನನ್ನು ಕರೆದು ಕೇಳಿದರು. ಹಯಾತ್ ಗೊತ್ತು, ಕಾರ್ಖಾನೆಗೆ ಕಲ್ಲು ತರುವವನು, ಒಳ್ಳೆಯ ಮನುಷ್ಯ ಎಂದ ಗೋವಿಂದ. ಅವನ ಮನೆಯಲ್ಲಿ ನಿನಗೇನು ಕೆಲಸ ಎಂದಾಗ ತಲೆ ತಗ್ಗಿಸಿದ. ಊಟ ಮಾಡಿಲ್ಲ ಎಂದು ಎರಡು ಸಲ ಹೇಳಿದ, ಕೆಲಸ ಏನೆಂದು ಮಾತ್ರ ಹೇಳಲಿಲ್ಲ.

ಗೋವಿಂದನ ತಾಯಿಯ ಶ್ರಾದ್ಧ ಚೈತ್ರ ಬಹುಳ ತ್ರಯೋದಶಿಗೆ ಇತ್ತು. ಶಾಸ್ತ್ರಿಗಳು ದನಿ ಏರಿಸದೆ ಹೇಳಿದರು. "ನೀನು ಸುಳ್ಳು ಹೇಳ್ತಿದ್ದೀಯ ಅಂತ ನಾನು ಹೇಳಲ್ಲ. ನಿಜ ಹೇಳ್ತಿದ್ದೀಯ ಅನ್ನೋದಕ್ಕೂ ನನ್ನ ಹತ್ರ ಆಧಾರ ಇಲ್ಲ. ಈ ಸಲ ನಿನ್ನಮ್ಮನ ಶ್ರಾದ್ಧ ನಾನೇ ಮಾಡ್ತೀನಿ. ನೀನು ಕೂರೋದು ಬೇಡ."

ಗೋವಿಂದ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ಅವನ ಬೆನ್ನು ನಡುಗುತ್ತಿದ್ದುದನ್ನು ವಿಮಲಾ ನೋಡಿದಳು. ತಪ್ಪು ಮಾಡದವನು ಹೀಗೆ ಅತ್ತಾನೇ, ತಪ್ಪು ಮಾಡಿದವನಾದರೂ ಹೀಗೆ ಅತ್ತಾನೇ ಎಂದು ಅವಳಿಗೆ ತಿಳಿಯಲಿಲ್ಲ. ತಾನೇ ಹೋಗಿ ನೋಡಬೇಕೆಂದು ಆಗಲೇ ನಿಶ್ಚಯಿಸಿದಳು.

ಶನಿವಾರ ಕಾರ್ಖಾನೆಗೆ ಅರ್ಧ ದಿನ ರಜೆ. ಆದರೂ ಕೆಲಸವಿದೆ, ಬರುವುದು ಸಂಜೆಯಾಗುತ್ತದೆ ಎಂದು ಗೋವಿಂದ ಹೇಳಿಹೋಗಿದ್ದ. ವಿಮಲಾ ಭಾಗೀರಥಮ್ಮನಿಗೆ, ಭದ್ರಾವತಿಯ ನ್ಯೂಟೌನಿನಲ್ಲಿರುವ ಗೆಳತಿ ವೇದಾ ಬಾಣಂತಿ, ಮಗು ನೋಡಿಕೊಂಡು ಬರುತ್ತೇನೆ ಎಂದು ಸುಳ್ಳು ಹೇಳಿ ಬಸ್ಸು ಹತ್ತಿದಳು. ಮಲವಗೊಪ್ಪ ದಾಟುವ ತನಕ ಯಾರಾದರೂ ಗುರುತಿನವರು ಹತ್ತುತ್ತಾರೋ ಎಂದು ಸೆರಗು ಮುಂದೆ ಎಳೆದುಕೊಂಡೇ ಕೂತಿದ್ದಳು.

ಹಳೇ ಊರಿನಲ್ಲಿ ಲಾರಿ ಹಯಾತನ ಮನೆಯನ್ನು ಸೈಕಲ್ ಷಾಪಿನವನು ಕೈ ಮಾಡಿ ತೋರಿಸಿದ. ಬಾಗಿಲಿಗೆ ಬಂದವಳು ಹಯಾತನ ಹೆಂಡತಿ ರೋಶನ್ ಬೀ. ಮೂವತ್ತರ ಆಸುಪಾಸಿನ, ತೆಳ್ಳಗಿನ ಹೆಂಗಸು. ಉಪವಾಸದಿಂದ ತುಟಿ ಒಣಗಿತ್ತು. ವಿಮಲಾ ತಾನು ಯಾರೆಂದು ಹೇಳಿದ ಕೂಡಲೇ ಅವಳ ಮುಖದಲ್ಲಿ ಹೆದರಿಕೆ ಸುಳಿಯಿತು. ಆಮೇಲೆ ಅದೇನೋ ಸಮಾಧಾನ ಸಿಕ್ಕವಳಂತೆ ಕೈ ಹಿಡಿದು ಒಳಗೆ ಕರೆದಳು.

ವಿಮಲಾಳ ಕಣ್ಣು ನೇರ ಅಡುಗೆಮನೆಗೆ ಹೋಯಿತು. ಒಲೆಯಲ್ಲಿ ಬೂದಿ ತಣ್ಣಗಿತ್ತು. ಗೂಟಕ್ಕೆ ನೇತುಹಾಕಿದ ಬೆಳ್ಳುಳ್ಳಿ ಗೊಂಚಲು ಇತ್ತು, ಅದನ್ನೇ ನೋಡುತ್ತ ನಿಂತಳು. ರೋಶನ್ ಬೀಗೆ ಅರ್ಥವಾಯಿತು.

"ರಾಯರು ಈ ಮನೇಲಿ ಒಂದು ಲೋಟ ನೀರೂ ಕುಡಿದಿಲ್ಲ ಅಮ್ಮಾ," ಎಂದಳು. "ಇಫ್ತಾರಿಗೆ ಕರೆದ್ರೂ ಒಳಗೆ ಬರಲ್ಲ. ಹಿತ್ತಲಿಂದ ಹಿಂಗೇ ಹೋಗ್ಬಿಡ್ತಾರೆ. ನಮ್ಮೆಜಮಾನ್ರು ಏನು ತಿಂತಾರೆ ಅಂತ ನಂಗೇ ಗೊತ್ತಾಗ್ತಿಲ್ಲ, ನಿಮಗೇನು ಹೇಳ್ಲಿ?"

ನಿಧಾನವಾಗಿ ಅವಳ ಹೊಟ್ಟೆಯಲ್ಲಿದ್ದದ್ದು ಹೊರಗೆ ಬಂತು. ಬೆಳಗಿನ ಜಾವ ರೋಜಾದ ಉಪವಾಸ ಹಿಡಿಯುವ ಮುಂಚೆ ಹಯಾತನಿಗೆ ಅವಳು ಕೊಡುವುದು ಹಾಲು, ಅನ್ನ, ಬಾಳೆಹಣ್ಣು. ಬೆಳ್ಳುಳ್ಳಿ ಹಾಕಿದ್ದು ಏನೂ ಇಲ್ಲ. ಸಂಜೆ ರೋಜಾ ಬಿಡುವ ಮುಂಚೆಯೇ ಅವನ ಬಾಯಿಂದ ಬೆಳ್ಳುಳ್ಳಿ ವಾಸನೆ. ಲಾರಿ ಓಡಿಸುವವನು, ದಾರಿಯಲ್ಲಿ ಎಲ್ಲೋ ನಿಲ್ಲಿಸಿ ತಿಂದು, ಮನೆಗೆ ಬಂದು ಉಪವಾಸದವನಂತೆ ಖರ್ಜೂರಕ್ಕೆ ಕೈ ಹಾಕುತ್ತಾನೆ ಎಂದು ಅವಳು ಲೆಕ್ಕ ಹಾಕಿದ್ದಳು. ಹದಿಮೂರು ವರ್ಷದಲ್ಲಿ ಒಂದು ರೋಜಾ ತಪ್ಪಿಸದ ಮನುಷ್ಯ. ಕೇಳಿದರೆ ದೇವರ ಆಣೆ ಎಂದು ಕಸಮ್ ಹಾಕುತ್ತಾನೆ. ಕಸಮ್ ಹಾಕಿ ಸುಳ್ಳು ಹೇಳುವವನ ಜೊತೆ ಬಾಳುವುದು ಹೇಗೆ ಎಂದು ಕಣ್ಣೊರೆಸಿಕೊಂಡಳು.

ವಿಮಲಾ ಅವಳ ಪಕ್ಕ ಕೂತಳು. ತನ್ನ ಗಂಡನ ವಾಸನೆಯ ಕಥೆಯನ್ನು ಅವಳೂ ಹೇಳಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ರೋಶನ್ ಬೀ ಅವಳನ್ನು ಹಿತ್ತಿಲಿಗೆ ಕರೆದುಕೊಂಡು ಹೋದಳು. ತಗಡು ಹೊದಿಸಿದ ಒಂದು ಶೆಡ್ಡು, ಬಾಗಿಲಿಗೆ ಬೀಗ. ಬೀಗದ ಕೈ ಹಯಾತನ ಸೊಂಟದಲ್ಲೇ ಇರುತ್ತದೆ. ಸಂದಿಯಲ್ಲಿ ಇಣುಕಿದರೆ ಇದ್ದಿಲಿನ ಒಲೆ, ಕೈತಿದಿ, ಮಣ್ಣಿನ ಮೂಸೆಗಳು ಕಾಣುತ್ತಿದ್ದವು. ಇಬ್ಬರೂ ಒಳಗೆ ಸೇರಿ ಏನನ್ನೋ ಕರಗಿಸುತ್ತಾರೆ, ಬಿಳಿ ಹೊಗೆ ತಗಡಿನ ಸಂದಿಯಿಂದ ಬರುತ್ತದೆ. ಹೊಸ ಪೈಸೆ ಬಂದು ಒಂದು ವರ್ಷ ಆಯಿತಲ್ಲ, ಜನಕ್ಕೆ ಇನ್ನೂ ಸರಿಯಾಗಿ ಗುರುತಿಲ್ಲ, ಇವರು ಖೋಟಾ ನಾಣ್ಯ ಹುಯ್ಯುತ್ತಿದ್ದಾರೋ ಏನೋ ಎಂದು ರೋಶನ್ ಬೀ ಪಿಸುಗುಟ್ಟಿದಳು. ಪೊಲೀಸರ ಬೂಟಿನ ಸದ್ದು ಕೇಳಿದ ಹಾಗಾಗಿ ಎಷ್ಟೋ ಸಲ ಎದ್ದು ಕೂತಿದ್ದಳಂತೆ.

ಮಧ್ಯಾಹ್ನದ ನಮಾಜು ಮುಗಿದ ಹೊತ್ತಿಗೆ ಗಂಡಸರಿಬ್ಬರೂ ಬಂದರು. ಹಿತ್ತಿಲ ಬೇಲಿ ದಾಟುತ್ತಿದ್ದ ಗೋವಿಂದ, ಶೆಡ್ಡಿನ ಮುಂದೆ ಹೆಂಡತಿ ನಿಂತಿರುವುದನ್ನು ನೋಡಿ ಅಲ್ಲೇ ನಿಂತ. ಅವಳು ಜಗಳ ಮಾಡಲಿಲ್ಲ. ಬೀಗ ತೆಗೆಯಿರಿ ಎಂದಳು ಅಷ್ಟೇ. ಹಯಾತ್ ಗೋವಿಂದನ ಮುಖ ನೋಡಿದ. ಆಮೇಲೆ ಬೀಗ ತೆಗೆದ.

ಗೋಣಿ ತಾಟಿನೊಳಗೆ ಸುತ್ತಿಟ್ಟದ್ದು ಒಂದು ಕಲ್ಲು. ತೆಂಗಿನಕಾಯಿ ಗಾತ್ರದ ಬಿಳಿ ಬೆಣಚುಕಲ್ಲು, ಅದರ ಮೈಯಲ್ಲಿ ಬೆಳ್ಳಿಯ ಜರಿ ಹೊಲಿದ ಹಾಗೆ ಹೊಳೆಯುವ ಗೆರೆಗಳು. ಗೋವಿಂದ ನಾಚಿಕೆಯಿಂದ, ಆದರೆ ಮಾತು ಶುರುವಾದ ಮೇಲೆ ಉತ್ಸಾಹ ತಡೆಯಲಾರದೆ, ಅದರ ಕಥೆ ಹೇಳಿದ. ಕಾರ್ಖಾನೆಯ ಕುಲುಮೆಗೆ ಬೆಣಚುಕಲ್ಲು ಬೇಕು. ಹೊಳೆಹೊನ್ನೂರಿನ ಆಚೆಯ ಗುಡ್ಡಗಳಿಂದ ಹಯಾತ್ ಲಾರಿಯಲ್ಲಿ ತರುತ್ತಾನೆ, ಗೋವಿಂದ ಅದನ್ನು ಪರೀಕ್ಷಿಸಿ ಲೆಕ್ಕ ಬರೆಯುತ್ತಾನೆ. ಶಿವರಾತ್ರಿ ಆದ ಮೇಲೆ ಒಂದು ದಿನ ಲೋಡು ಇಳಿಸುವಾಗ ಈ ಕಲ್ಲು ಹಯಾತನ ಕಣ್ಣಿಗೆ ಬಿತ್ತು. ಬೆಳ್ಳಿ ಎಂದುಕೊಂಡರು. ಆದರೆ ಬೆಳ್ಳಿ ಬಡಿದರೆ ತಟ್ಟೆಯಾಗುತ್ತದೆ, ಇದು ಪುಡಿಯಾಯಿತು. ಉಗುರಿನಲ್ಲೂ ಸ್ವಲ್ಪ ಗೀರು ಬೀಳುವಷ್ಟು ಮೆತ್ತಗೆ, ಗಾತ್ರಕ್ಕೆ ಮೀರಿದ ಭಾರ. ಆ ಪುಡಿಯನ್ನು ಇದ್ದಿಲಿನ ಮೇಲಿಟ್ಟು ಊದಿದರೆ ಬಿಳಿ ಹೊಗೆಯಾಗಿ ಹಾರಿಹೋಯಿತು, ಉಳಿದದ್ದು ಎಳ್ಳಿಗಿಂತ ಚಿಕ್ಕದಾದ ಒಂದು ಹಳದಿ ಹನಿ.

"ಚಿನ್ನ," ಎಂದ ಗೋವಿಂದ. "ಬೆಳ್ಳಿ ಬಣ್ಣದ ಕಲ್ಲು ಬೆವರಿ ಚಿನ್ನ ಬಿಡ್ತು. ಯಾರಿಗೆ ಅಂತ ಹೇಳೋದು? ಹೇಳಿದ್ರೆ ಕಲ್ಲೂ ಹೋಗುತ್ತೆ, ನನ್ನ ಕೆಲಸಾನೂ ಹೋಗುತ್ತೆ. ಇದು ಏನು ಅಂತ ಮೊದ್ಲು ನಮಗೆ ಗೊತ್ತಾಗ್ಲಿ ಅಂದ್ಕೊಂಡ್ವಿ."

ರೋಶನ್ ಬೀ ಗಂಡನ ಹತ್ತಿರ ಹೋಗಿ, ನೀವು ಇವತ್ತು ರೋಜಾ ಇದ್ದೀರಾ ಎಂದು ಕೇಳಿದಳು. ಇದ್ದೇನೆ ಎಂದ. ಅವನ ಬಾಯಿ ವಾಸನೆ ನೋಡಿ ಎಂದು ಅವಳು ವಿಮಲಾಳಿಗೆ ಹೇಳಬೇಕಾಗಿಯೇ ಇರಲಿಲ್ಲ. ಮಾತಾಡಿದ ಕೂಡಲೇ ಶೆಡ್ಡಿನ ತುಂಬ ಬಂತು, ಕೋಟೆ ರಸ್ತೆಯ ಮನೆಯ ದಿಂಬಿನಲ್ಲಿದ್ದ ಅದೇ ವಾಸನೆ. ಇಬ್ಬರು ಗಂಡಸರಿಗೂ ಮಾತ್ರ ಏನೂ ತಿಳಿಯುತ್ತಿರಲಿಲ್ಲ. ಅದರಲ್ಲೇ ಮುಳುಗಿದ್ದರು.

"ನಿಮ್ಮಿಬ್ಬರಿಗೂ ಒಂದೇ ವಾಸನೆ," ಎಂದಳು ವಿಮಲಾ. "ಒಬ್ಬರು ಮಡಿ ಊಟ, ಒಬ್ಬರು ಉಪವಾಸ. ಇಬ್ಬರೂ ಸೇರೋದು ಈ ಶೆಡ್ಡಲ್ಲಿ ಮಾತ್ರ. ಇದು ಈ ಕಲ್ಲಿನ ವಾಸನೆ."

ಗೋವಿಂದ ಇಲ್ಲವೆಂದ. ಬೆಳ್ಳುಳ್ಳಿ ವಾಸನೆಯ ಹೊಗೆ ಬಿಡುವ ಅದಿರೊಂದಿದೆ, ಇಲಿಗೆ ಹಾಕುವ ಪಾಷಾಣದ್ದು. ಆ ಭಯಕ್ಕೇ ಅವನು ಮೊದಲ ದಿನವೇ ಮೂಸಿ ನೋಡಿದ್ದ. ಈ ಹೊಗೆಗೆ ಆ ವಾಸನೆ ಇಲ್ಲ. ಹೀಗೆ ಹೇಳುತ್ತಿದ್ದವನು ನಡುವೆಯೇ ಮಾತು ನಿಲ್ಲಿಸಿದ. ಹೊಗೆಯಲ್ಲಿ ಇಲ್ಲದ್ದು ಉಸಿರಿನಲ್ಲಿ ಹುಟ್ಟುವುದಾದರೆ? ಮೈಸೂರಿನಲ್ಲಿ ಓದುವಾಗ ಕೆಮಿಸ್ಟ್ರಿ ಮೇಷ್ಟ್ರೊಬ್ಬರು ಯಾವುದೋ ಅಪರೂಪದ ಧಾತುವಿನ ವಿಷಯ ಹೇಳಿ, ಅದರಲ್ಲಿ ಕೆಲಸ ಮಾಡುವವರ ಪಕ್ಕ ಯಾರೂ ಕೂರುವುದಿಲ್ಲ ಎಂದು ಕ್ಲಾಸನ್ನು ನಗಿಸಿದ್ದರು. ನಕ್ಕದ್ದು ನೆನಪಿತ್ತು, ಪಾಠ ಮರೆತಿತ್ತು.

ಅವನು ಗಾಜಿನ ನಳಿಕೆಯಲ್ಲಿ ಒಂದಿಷ್ಟು ಗಂಧಕಾಮ್ಲ ಹಾಕಿ, ಕಲ್ಲಿನ ಪುಡಿಯ ಚಿಟಿಕೆ ಉದುರಿಸಿ, ಸ್ಪಿರಿಟ್ ದೀಪಕ್ಕೆ ಹಿಡಿದ. ಬಣ್ಣವಿಲ್ಲದ ಆಮ್ಲ ಮೊದಲು ಗುಲಾಬಿಯಾಯಿತು, ನೋಡುತ್ತ ನೋಡುತ್ತ ದಾಸವಾಳದ ಕೆಂಪಿಗೆ ತಿರುಗಿತು. ಗೋವಿಂದ ನಳಿಕೆಯನ್ನು ಬೆಳಕಿಗೆ ಎತ್ತಿ ಹಿಡಿದ.

"ಟೆಲ್ಲೂರಿಯಂ," ಎಂದ. "ಚಿನ್ನ ಅದರ ಜೊತೆ ಕೂಡ್ಕೊಂಡಿದೆ. ಇದು ಒಂದಿಷ್ಟು ಮೈಗೆ ಹೋದ್ರೂ ಸಾಕು, ವಾರಗಟ್ಟಲೆ ಉಸಿರಲ್ಲಿ, ಬೆವರಲ್ಲಿ ಬೆಳ್ಳುಳ್ಳಿ ಬರುತ್ತೆ."

ರೋಶನ್ ಬೀ ನೆಲದ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವಳಿಗೆ ಅಷ್ಟೇ ಸಾಕಾಗಿತ್ತು. ವಿಮಲಾಳಿಗೆ ಸಾಕಾಗಲಿಲ್ಲ. ಇಷ್ಟು ದಿನ ಸುಳ್ಳು ಹೇಳಿದ ಮನುಷ್ಯ, ಈಗ ಒಂದು ಕೆಂಪು ನೀರು ತೋರಿಸಿ ಹೇಳುವುದನ್ನು ಹೇಗೆ ನಂಬುವುದು? ಇನ್ನೊಂದು ಸಲ ಸುಟ್ಟು ತೋರಿಸಿ ಎಂದಳು. ಗೋವಿಂದ ಅಕ್ಕಿಕಾಳಿನಷ್ಟು ಪುಡಿ ಇದ್ದಿಲಿನ ಮೇಲಿಟ್ಟು, ದೂರ ನಿಲ್ಲು ಎಂದ. ಬಿಳಿ ಹೊಗೆ ಎದ್ದಾಗ ಅವಳು ದೂರ ನಿಲ್ಲಲಿಲ್ಲ. ಬಗ್ಗಿ ಎರಡು ಉಸಿರು ಎಳೆದುಕೊಂಡಳು. ಅವನು ತೋಳು ಹಿಡಿದು ಎಳೆಯುವಷ್ಟರಲ್ಲಿ ಆಗಿಹೋಗಿತ್ತು.

ಭಾನುವಾರ ಬೆಳಗ್ಗೆ ತುಳಸಿಗೆ ನೀರು ಹಾಕಿ ಬಂದ ವಿಮಲಾಳನ್ನು ಭಾಗೀರಥಮ್ಮ ಅಡುಗೆಮನೆಯ ಬಾಗಿಲಲ್ಲೇ ತಡೆದರು. "ನೀನೂನಾ?" ಎಂದರು.

ವಿಮಲಾಳಿಗೆ ಒಂದು ಕ್ಷಣ ಸಂತೋಷವಾಯಿತು. ಗಂಡ ನಿಜ ಹೇಳಿದ್ದ. ಮಾವನವರ ಮುಂದೆ ಹೋಗಿ ಕಲ್ಲಿನ ಕಥೆಯನ್ನೆಲ್ಲ ಹೇಳಿದಳು. ನಾನು ಅತ್ತೆ ಬಡಿಸಿದ್ದು ಬಿಟ್ಟು ಬೇರೇನೂ ತಿಂದವಳಲ್ಲ, ನೋಡಿ, ನನಗೂ ಬಂದಿದೆ ಎಂದಳು. ಶಾಸ್ತ್ರಿಗಳು ಸಾವಧಾನವಾಗಿ ಕೇಳಿ, ಆ ಹೊಗೆ ನಿನಗೆ ಎಲ್ಲಿ ಸಿಕ್ಕಿತು ಎಂದರು. ಹಯಾತನ ಹಿತ್ತಿಲಲ್ಲಿ ಎಂದಳು. ಹಾಗಾದರೆ ನಿನ್ನೆ ನೀನು ವೇದಾಳ ಮನೆಗೆ ಹೋಗಲಿಲ್ಲ ಎಂದರು.

ಬೆಳ್ಳುಳ್ಳಿ ತಿನ್ನುವ ಮನೆಗೆ, ಸುಳ್ಳು ಹೇಳಿ, ಒಬ್ಬಳೇ ಹೋಗಿಬಂದವಳು ಅವಳು. ಅವಳ ಸಾಕ್ಷಿ ಅಲ್ಲಿಗೇ ಬಿದ್ದುಹೋಯಿತು. ಗಂಡ ಹೆಂಡತಿ ಇಬ್ಬರೂ ಸೇರಿ ಅಲ್ಲಿಯೇ ಉಂಡು ಬಂದಿದ್ದಾರೆ, ಈಗ ಕಲ್ಲಿನ ಮೇಲೆ ಹಾಕುತ್ತಿದ್ದಾರೆ ಎಂದು ಭಾಗೀರಥಮ್ಮ ಅವಳನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಆವತ್ತು ಅವಳಿಗೆ ನಡುಮನೆಯಲ್ಲಿ ಎಲೆ ಹಾಕಿದರು. ಎರಡು ತುತ್ತು ಬಾಯಿಗಿಡುವಷ್ಟರಲ್ಲಿ ಅವಳಿಗೂ ಗೊತ್ತಾಯಿತು, ಅನ್ನವೆಲ್ಲ ಕಬ್ಬಿಣದ ರುಚಿ. ತಿನ್ನಲಾರದೆ ಎಲೆ ಮಡಿಸುವಾಗ ಭಾಗೀರಥಮ್ಮ ಅವಳನ್ನೇ ನೋಡುತ್ತಿದ್ದರು. ಎರಡು ವಾರದಿಂದ ಗೋವಿಂದ ಈ ನೋಟದ ಕೆಳಗೆ ಹೇಗೆ ಊಟಕ್ಕೆ ಕೂರುತ್ತಿದ್ದ ಎಂದು ಅವಳಿಗೆ ಆಗ ಹೊಳೆಯಿತು. ಆ ನೋಟದಲ್ಲಿ ತನ್ನದೂ ಒಂದು ಪಾಲಿತ್ತು.

ಸಂಜೆ ಅವಳು ಮತ್ತೆ ಜಗಲಿಗೆ ಹೋಗಿ ಮಾವನವರ ಎದುರು ನಿಂತಳು.

"ಮಾವ, ನಾನು ಸುಳ್ಳು ಹೇಳಿ ಹೋಗಿದ್ದು ತಪ್ಪು. ಅವರು ನಮಗೆ ಹೇಳದೆ ಮಾಡಿದ್ದೂ ತಪ್ಪು. ಆದ್ರೆ ತಿನ್ನದೇ ಇರೋದನ್ನ ತಿಂದಿದ್ದಾರೆ ಅಂತ ಅವರಮ್ಮನ ಶ್ರಾದ್ಧದಿಂದ ಎಬ್ಬಿಸ್ಬೇಡಿ. ನಮ್ಮಿಬ್ಬರ ಮಾತು ಬೇಡ. ನೀವು ನಂಬೋ ಅಂಥೋರು ಯಾರಾದ್ರೂ ನೋಡ್ಲಿ."

ಶಾಸ್ತ್ರಿಗಳು ಬೆರಳಿನಲ್ಲಿ ತಿಥಿ ಎಣಿಸಿದರು. ಆಮೇಲೆ, ನಾಡಿದ್ದು ಏಕಾದಶಿ ಅಲ್ಲವೇ ಎಂದರು.

ಏಕಾದಶಿಗೆ ಅವರದು ನಿರಾಹಾರ. ನೀರು ಬಿಟ್ಟರೆ ಏನೂ ಇಲ್ಲ. ಅಂದು ಬೆಳಗ್ಗೆ ಪೂಜೆ ಮುಗಿಸಿ, ಹಿಂದಿನ ದಿನ ಭದ್ರಾವತಿಯಿಂದ ತರಿಸಿಟ್ಟಿದ್ದ ಕಲ್ಲಿನ ಪುಡಿಯನ್ನು ತೆಗೆದುಕೊಂಡು ಬರಲು ಗೋವಿಂದನಿಗೆ ಹೇಳಿದರು. ಗೋವಿಂದ ಬೇಡವೆಂದು ಬೇಡಿಕೊಂಡ. ನಿಮಗೆ ಅರವತ್ತೆಂಟು ವರ್ಷ, ಇದು ಒಳ್ಳೆಯದಲ್ಲ, ನನ್ನ ಮೇಲಿನ ಅಪವಾದ ಹಾಗೆಯೇ ಇರಲಿ ಎಂದ. ಶಾಸ್ತ್ರಿಗಳು ಕೇಳಲಿಲ್ಲ. ಅನುಮಾನದಲ್ಲಿ ಎಷ್ಟು ದಿನ ಇದ್ದೆವೋ ಅಷ್ಟು ಸಾಕು, ಇನ್ನು ಪ್ರತ್ಯಕ್ಷವೇ ಆಗಲಿ ಎಂದು ಹಿತ್ತಿಲಿಗೆ ನಡೆದರು. ಹಂಡೆ ಒಲೆಯ ಕೆಂಡವನ್ನು ಒಂದು ಹೆಂಚಿನ ಮೇಲೆ ತರಿಸಿಕೊಂಡು, ತಾವೇ ಬಗ್ಗಿ ನಿಂತರು. ಗೋವಿಂದ ಎಳ್ಳಿಗಿಂತ ಹೆಚ್ಚು ಪುಡಿ ಹಾಕಲಿಲ್ಲ. ಬಿಳಿ ಹೊಗೆ ಅವರ ಮುಖದ ಸುತ್ತ ಆಡಿ ಕರಗಿತು.

ಅಂದು ಹಗಲೆಲ್ಲ ಅವರು ತಂಗಿಯನ್ನು ಎದುರಿಗೇ ಕೂರಿಸಿಕೊಂಡರು. ನೀರಿನ ಚೊಂಬನ್ನೂ ತಂಗಿಯ ಕೈಯಿಂದಲೇ ಇಸಿದುಕೊಂಡರು. ಭಾಗೀರಥಮ್ಮ ಬತ್ತಿ ಹೊಸೆಯುತ್ತ ಕಣ್ಣು ಕೀಳದೆ ಕಾದರು. ಗೋವಿಂದ ರಜೆ ಹಾಕಿದ್ದ, ಗಳಿಗೆಗೊಮ್ಮೆ ಬಂದು ತಂದೆಯ ನಾಡಿ ನೋಡಿ ಹೋಗುತ್ತಿದ್ದ. ವಿಮಲಾ ಹೊಸಿಲಲ್ಲಿ ನಿಂತೇ ಇದ್ದಳು. ವಾಸನೆ ಬರದಿದ್ದರೆ ಗಂಡನ ಮಾತು ಸುಳ್ಳಾಗುತ್ತದೆ, ಬಂದರೆ ಈ ಮುದುಕರಿಗೆ ಏನಾಗುತ್ತದೋ ಎಂದು ಎರಡಕ್ಕೂ ಹೆದರುತ್ತಿದ್ದಳು.

ಇಳಿಹೊತ್ತಿಗೆ ಶಾಸ್ತ್ರಿಗಳು ವಿಷ್ಣು ಸಹಸ್ರನಾಮ ಹೇಳತೊಡಗಿದರು. ನಾಲ್ಕನೆಯ ಶ್ಲೋಕಕ್ಕೆ ಭಾಗೀರಥಮ್ಮನ ಕೈಯ ಬತ್ತಿ ನಿಂತಿತು. ಅವರು ಎದ್ದು ಅಣ್ಣನ ಹತ್ತಿರ ಬಂದರು. ಹಿಂದೆ ಸರಿದರು. ಮತ್ತೆ ಹತ್ತಿರ ಬಂದರು. ಅವರ ಮುಖದಲ್ಲಿ ಅನುಮಾನ ಹುಟ್ಟುವುದನ್ನೂ, ಹುಟ್ಟಿದ್ದಕ್ಕೆ ಅವರೇ ಹೆದರುವುದನ್ನೂ ವಿಮಲಾ ನೋಡಿದಳು.

"ಬಂತೇನೇ?" ಎಂದು ಕೇಳಿದರು ಶಾಸ್ತ್ರಿಗಳು.

ಭಾಗೀರಥಮ್ಮ ಹೂಂ ಎಂದರು. ಬಾಯಿಗೆ ಸೆರಗು ಹಿಡಿದುಕೊಂಡು ಒಳಗೆ ಹೋದರು.

ದ್ವಾದಶಿಯ ಪಾರಣೆಯ ಹೊತ್ತಿಗೆ ಭಾಗೀರಥಮ್ಮ ಇನ್ನೊಂದು ಪ್ರಶ್ನೆ ಎತ್ತಿದರು. ಈಗ ಅಪ್ಪ, ಮಗ, ಸೊಸೆ ಮೂವರಿಗೂ ಈ ವಾಸನೆ. ನಾಳೆ ಶ್ರಾದ್ಧಕ್ಕೆ ಕೂರುವವರು ಯಾರು? ಶಾಸ್ತ್ರಿಗಳು ಅದಕ್ಕೂ ಯೋಚಿಸಿಟ್ಟಿದ್ದರು. ದೋಷ ಇರುವುದು ತಿಂದದ್ದರಲ್ಲಿ, ವಾಸನೆಯಲ್ಲಲ್ಲ, ತಿನ್ನದವನಿಗೆ ದೋಷ ಎಲ್ಲಿಂದ ಎಂದರು. ತ್ರಯೋದಶಿಯಂದು ಗೋವಿಂದನೇ ಕೂತ. ಪುರೋಹಿತರು ಮಂತ್ರದ ನಡುವೆ ಎರಡು ಸಲ ಮೂಗು ಏರಿಸಿ ಅಡುಗೆಮನೆಯ ಕಡೆ ನೋಡಿದರು. ಭಾಗೀರಥಮ್ಮ ಅವಮಾನದಿಂದ ಕುಗ್ಗಿಹೋದರು. ಊಟಕ್ಕೆ ಮುಂಚೆ ಶಾಸ್ತ್ರಿಗಳು ಪುರೋಹಿತರಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಅವರು ನಂಬಿದರೋ ಇಲ್ಲವೋ, ಹಿರಿಯಣ್ಣ ಶಾಸ್ತ್ರಿಗಳ ಮಾತೆಂದು ಕೂತು ಉಂಡುಹೋದರು. ಪಿಂಡಕ್ಕೆ ಎಳ್ಳುನೀರು ಬಿಡುವಾಗ ಗೋವಿಂದನ ಕಣ್ಣಿಂದ ನೀರು ಹರಿಯುತ್ತಿತ್ತು, ಈ ಸಲ ಅವನು ಅದನ್ನು ಮುಚ್ಚಿಕೊಳ್ಳಲಿಲ್ಲ.

ಈದ್ ಕಳೆದ ಮೇಲೆ ಗೋವಿಂದ ಮತ್ತು ಹಯಾತ್ ಕಲ್ಲನ್ನು ತೆಗೆದುಕೊಂಡು ಹೋಗಿ ಲ್ಯಾಬಿನ ಮೇಲಧಿಕಾರಿಯ ಮೇಜಿನ ಮೇಲಿಟ್ಟರು. ಕೆಲಸ ಹೋಗಲಿಲ್ಲ, ಬೈಗುಳ ಬಿತ್ತು. ಬೆಂಗಳೂರಿನಿಂದ ಇಬ್ಬರು ಭೂವಿಜ್ಞಾನಿಗಳು ಬಂದರು. ಚಿನ್ನ ಸಾಮಾನ್ಯವಾಗಿ ಯಾರ ಜೊತೆಯೂ ಕೂಡುವುದಿಲ್ಲ, ಕೂಡಿದರೆ ಈ ಟೆಲ್ಲೂರಿಯಂ ಜೊತೆ, ಇದು ಈ ಸೀಮೆಯಲ್ಲಿ ನಾವು ಕಂಡದ್ದಲ್ಲ ಎಂದು ಭೂತಗನ್ನಡಿ ಹಿಡಿದು ಆಶ್ಚರ್ಯಪಟ್ಟರು. ಸಿಕ್ಕಿದ್ದೆಲ್ಲಿ ಎಂದು ಕೇಳಿದರು. ಹಯಾತನಿಗೆ ಗೊತ್ತಿರಲಿಲ್ಲ. ಆ ದಿನ ಅವನ ಲಾರಿಗೆ ಮೂರು ಗುಡ್ಡಗಳ ಕಲ್ಲು ತುಂಬಿದ್ದರು. ಮೂರನ್ನೂ ತೋರಿಸಿದ. ಅವರು ಒಂದು ತಿಂಗಳು ಅಗೆಸಿದರು, ಬರೀ ಬೆಣಚುಕಲ್ಲು. ಇವನು ಜಾಗ ಮುಚ್ಚಿಡುತ್ತಿದ್ದಾನೆ ಎಂದು ಅವರಿಗೆ ಅನ್ನಿಸಿತು. ಆಮೇಲೆ ಎರಡು ವರ್ಷ, ಅವನ ಲಾರಿ ಹೊಳೆಹೊನ್ನೂರಿನ ದಾರಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಕಂಡರೆ ಯಾರಾದರೊಬ್ಬರು ನಿಲ್ಲಿಸಿ ಗೋಣಿ ತಾಟು ಎತ್ತಿ ನೋಡುತ್ತಿದ್ದರು. ರೋಶನ್ ಬೀ ಅದನ್ನು ಹೇಳಿ ನಗುತ್ತಿದ್ದಳು. ತನ್ನ ಅನುಮಾನ ತೀರಿದ ಮೇಲೆ ಸರ್ಕಾರದ್ದು ಶುರುವಾಯಿತು ಎನ್ನುತ್ತಿದ್ದಳು. ವಿಮಲಾ ಈಗ ವರ್ಷಕ್ಕೆರಡು ಸಲ ಆ ಮನೆಗೆ ಹೋಗುತ್ತಿದ್ದಳು, ಭಾಗೀರಥಮ್ಮನಿಗೆ ಹೇಳಿಯೇ ಹೋಗುತ್ತಿದ್ದಳು.

ಶಾಸ್ತ್ರಿಗಳ ಉಸಿರು ಒಂದು ತಿಂಗಳಲ್ಲಿ ತಿಳಿಯಾಯಿತು, ವಿಮಲಾಳದು ಇನ್ನಷ್ಟು ತಡವಾಗಿ. ಗೋವಿಂದನದು ಮಳೆಗಾಲ ಕಳೆಯುವ ತನಕ ಹೋಗಲಿಲ್ಲ. ಆ ಮಳೆಗಾಲದ ಒಂದು ಸಂಜೆ, ಅವನು ಜಗಲಿಯಲ್ಲಿ ಕೂತು ಕೊಡೆ ಒಣಗಿಸುತ್ತಿದ್ದಾಗ, ವಿಮಲಾ ಕಾಫಿ ತಂದುಕೊಟ್ಟು ಪಕ್ಕದಲ್ಲಿ ಕೂತಳು. ಬಹಳ ದಿನದಿಂದ ನಾಲಗೆಯ ತುದಿಯಲ್ಲಿದ್ದದ್ದನ್ನು ಕೇಳಿದಳು.

"ಆ ಗುಡ್ಡದಲ್ಲಿ ನಿಜವಾಗ್ಲೂ ಚಿನ್ನ ಸಿಕ್ಕಿದ್ರೆ ನಂಗೆ ಹೇಳ್ತಿದ್ರಾ?"

ಗೋವಿಂದ ಕಾಫಿ ಕುಡಿದು ಮುಗಿಸಿದ. ಲೋಟವನ್ನು ಕೆಳಗಿಟ್ಟ. ಕೊಡೆಯ ಕಡ್ಡಿಯೊಂದನ್ನು ಸರಿಮಾಡಿದ.

"ಹೇಳ್ತಿದ್ದೆ ಮಾರಾಯ್ತಿ," ಎಂದ.

ಅವಳು ಅವನ ಮುಖವನ್ನೇ ನೋಡಿದಳು, ಈ ಮಾತನ್ನು ಇದ್ದಿಲಿನ ಮೇಲಿಟ್ಟು ಊದಿ ನೋಡುವ ಹಾಗಿರಲಿಲ್ಲ. ಆಮೇಲೆ ಲೋಟ ತೆಗೆದುಕೊಂಡು ಒಳಗೆ ಹೋದಳು.